ಪುಟ್ಟಿ, ನಾಮಿನೇಷನ್‌ಗೆ ಮುಂಚೆ ಇದನ್ನೊಂದ್ಸಲ ಓದು

ಪುಟ್ಟಿ,

ಮೊನ್ನೆ ನಿಮ್ಮಪ್ಪ ಫೋನ್ ಮಾಡಿ "ಅಣ್ಣಾ, ಪಾರ್ಟಿಯವ್ರು ಎಂಎಲ್ಎ ಸೀಟಿಗೆ ಇವಳ ಹೆಸರು ಓಡಿಸ್ತಾ ಇದಾರಂತೆ, ನೀನಾದ್ರೂ ಒಂದ್ ಮಾತು ಹೇಳು" ಅಂದ. ಬೇಡ ಅಂತ ಹೇಳ್ಲಿ ಅನ್ನೋದು ಅವನ ಆಸೆ, ಅದು ಗೊತ್ತಾಯ್ತು. ನಾನು ಹೇಳಲ್ಲ. 1985ರಲ್ಲಿ ಮನೇಲಿ ಯಾರ ಮಾತೂ ಕೇಳ್ದೆ ಹೋಗಿ ನಿಂತವನು ನಾನು, ಈಗ ಯಾವ ಬಾಯಲ್ಲಿ ನಿಂಗೆ ಬೇಡ ಅನ್ಲಿ. ಫೋನಲ್ಲಿ ಮಾತಾಡಿದ್ರೆ "ಹೂಂ ದೊಡ್ಡಪ್ಪ, ಹೂಂ ದೊಡ್ಡಪ್ಪ" ಅಂತ ಆ ಕಡೆ ಕೇಸ್ ಕಟ್ಟು ತಿರುವ್ತಾ ಇರ್ತೀಯ, ಅದಕ್ಕೇ ಟೈಪ್ ಮಾಡ್ತಾ ಕೂತಿದೀನಿ, ಒತ್ತು ದೀರ್ಘ ತಪ್ಪಿದ್ರೆ ತಿದ್ಕೊಂಡು ಓದು.

ಗೆದ್ರೆ ವಕೀಲಿ ಪ್ರಾಕ್ಟೀಸ್ ಬಿಡ್ಬೇಕಾ ಅಂತ ಕೇಳಿದ್ಯಲ್ಲ. ಕಾನೂನು ಬಿಡು ಅನ್ನಲ್ಲ. 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಎಂಎಲ್ಎ ಎಂಪಿ ಅಂದ್ರೆ ಸರ್ಕಾರದ ಫುಲ್ ಟೈಮ್ ನೌಕರ ಅಲ್ಲ, ಹಾಗಾಗಿ ಬಾರ್ ಕೌನ್ಸಿಲ್‌ನ 49ನೇ ರೂಲು, ಫುಲ್ ಟೈಮ್ ಸಂಬಳದ ನೌಕರ ವಕೀಲಿಕೆ ಮಾಡಂಗಿಲ್ಲ ಅನ್ನೋದು, ಅವ್ರಿಗೆ ತಗಲಲ್ಲ ಅಂತ. ತೊಂದ್ರೆ ಇರೋದು ಬೇರೆ ಕಡೆ. ಈಗ ನಿನ್ನ ಆಫೀಸಿನ ಕಪಾಟಲ್ಲಿ ಸರ್ಕಾರಿ ಜಮೀನು ಉಳ್ತಾ, ಅದನ್ನ ತಮ್ಮ ಹೆಸರಿಗೆ ಮಾಡ್ಕೊಡಿ ಅಂತ ಫಾರಂ 53, ಫಾರಂ 57 ಹಾಕ್ಕೊಂಡಿರೋ ಬಗರ್ ಹುಕುಂ ರೈತರ ಕಟ್ಟು ಎಷ್ಟಿದೆ, ನೀನೇ ಎಣಿಸು. ನಾಳೆ ಆ ಅರ್ಜಿ ತೀರ್ಮಾನ ಮಾಡೋ ಸಕ್ರಮ ಕಮಿಟಿಗೆ ಎಂಎಲ್ಎನೇ ಅಧ್ಯಕ್ಷ, ತಹಶೀಲ್ದಾರ್ರು ಕಾರ್ಯದರ್ಶಿ. ನಿನ್ ಕೈಗೆ ಫೀಸ್ ಕೊಟ್ಟವನು ಟೇಬಲ್ ಆ ಕಡೆ ಕೂತು "ಅಮ್ಮಾವ್ರಿಗೆ ಎಲ್ಲಾ ಗೊತ್ತು" ಅಂತ ನಗ್ತಾನೆ, ಅವನ ಪಕ್ಕದ ಸರ್ವೆ ನಂಬರಿನವನು ಬಾಗಿಲಲ್ಲಿ ನಿಂತು ಅದನ್ನ ನೋಡ್ತಿರ್ತಾನೆ. ಅವನೂ ನಿಂಗೆ ವೋಟ್ ಹಾಕಿದವನೇ. ಹಂಗಾಗಿ ನಾಮಿನೇಷನ್ ಹಾಕೋ ಮುಂಚೆ ಆ ಕಟ್ಟುಗಳನ್ನ ಬೇರೆ ವಕೀಲ್ರಿಗೆ ಕೊಡು, ನೋ ಅಬ್ಜೆಕ್ಷನ್ ಬರ್ದು ಕೊಡು, ಫೀಸ್ ಉಳಿದಿದ್ರೆ ವಾಪಸ್ ಕೊಡು. ಸಿವಿಲ್ ಸೂಟು, ಪಾಲಿನ ಕೇಸು ಬೇಕಾದ್ರೆ ಇಟ್ಕೋ, ಹಬ್ಬ ಹುಣ್ಣಿಮೆಗಾದ್ರೂ ಕೋರ್ಟಿಗೆ ಹೋಗ್ತಿರು, ಯಾಕೆ ಅಂತ ಕೊನೇಲಿ ಹೇಳ್ತೀನಿ.

ಆದ್ರೆ ನಾನು ಮುಖ್ಯವಾಗಿ ಬರೆಯೋಕೆ ಕೂತಿದ್ದು ಸೈನ್ ವಿಷಯ. ನಗಬೇಡ.

ನಾನು ಜೂನಿಯರ್ ಆಗಿ ಕೋಟು ಹಾಕ್ದಾಗ ಭೂಸುಧಾರಣೆ ಕಾಯ್ದೆಯ ದೊಡ್ಡ ತಿದ್ದುಪಡಿ ಆಗಷ್ಟೇ ಬಂದಿತ್ತು, 1974. ಗೇಣಿದಾರ್ರೆಲ್ಲಾ ಉಳೋ ಜಮೀನು ತಮ್ಗೇ ಬೇಕು ಅಂತ ಫಾರಂ 7 ಹಾಕ್ಬೇಕು, ಮಜಾ ಏನಂದ್ರೆ ಅದನ್ನ ತೀರ್ಮಾನ ಮಾಡೋ ಲ್ಯಾಂಡ್ ಟ್ರಿಬ್ಯುನಲ್ ಒಳಗೆ ವಕೀಲ್ರಿಗೆ ಪ್ರವೇಶ ಇಲ್ಲ, 48ನೇ ಸೆಕ್ಷನ್‌ನಲ್ಲೇ ಹಾಗೆ ಬರ್ದಿದ್ರು, 1987ರಲ್ಲಿ ಸುಪ್ರೀಂ ಕೋರ್ಟು ಅದನ್ನ ತೆಗೆದು ಹಾಕೋವರೆಗೂ ನಮ್ಮದು ಹೊರಗಿನ ಹುಣಸೆ ಮರದ ಕೆಳಗಿನ ವಕೀಲಿಕೆ. ರಾತ್ರಿ ಹೊತ್ತು ಹಳ್ಳಿಗೆ ಹೋಗಿ ಲಾಟೀನ್ ಇಟ್ಕೊಂಡು ಫಾರಂ ತುಂಬಿಸ್ತಿದ್ವಿ. ಒಂದ್ ಮನೇಲಿ ಒಬ್ಬ ಮುದುಕ, ಸ್ಟಾಂಪ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಮಸಿ ಮಾಡ್ಕೊಂಡವನು ಕೈ ಮೇಲೇ ಹಿಡ್ಕೊಂಡು ಕೂತ. "ಒತ್ತಜ್ಜ" ಅಂದೆ. "ಓದಿ ಹೇಳಿ ಸಾಮಿ, ಆಮೇಲೆ ಒತ್ತುತೀನಿ" ಅಂದ. ಹಿಂದೆ ಓದಿಸದೆ ಒತ್ತಿದ್ದಕ್ಕೇ ಗೇಣಿ ಚೀಟೀಲಿ ಎರಡು ಖಂಡುಗ ಜಾಸ್ತಿ ಬಂದಿತ್ತಂತೆ. ಸರ್ವೆ ನಂಬರ್, ಎಕರೆ ಗುಂಟೆ, ಚಕ್ಕುಬಂದಿ, ಎಲ್ಲಾ ಓದ್ದೆ. ಇನ್ನೊಂದ್ಸಲ ಅಂದ. ಮತ್ತೆ ಓದ್ದೆ. ಅಷ್ಟ್ರಲ್ಲಿ ಬೆರಳಲ್ಲಿದ್ದ ಮಸಿ ಒಣಗಿ ಹೋಗಿತ್ತು, ಪುನಃ ಪ್ಯಾಡಿಗೆ ಒತ್ತಿ ಆಮೇಲೆ ಕಾಗದಕ್ಕೆ ಒತ್ತಿದ. ನಂಗೆ ಆಗ ಸಿಟ್ಟು ಬಂದಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ, ಇನ್ನೂ ನಾಲ್ಕು ಮನೆ ಬಾಕಿ ಇತ್ತು.

ಅದೇ ನಾನು ಎಂಎಲ್ಎ ಆಗಿ ಎರಡನೇ ವರ್ಷ, ಸೆಷನ್‌ಗೆ ಬೆಂಗ್ಳೂರಿಗೆ ಹೊರಡೋ ಅರ್ಜೆಂಟಲ್ಲಿ, ಆಫೀಸ್ ನೋಡ್ಕೊಳೋ ಹುಡುಗನ ಕೈಗೆ ಐದು ಖಾಲಿ ಲೆಟರ್‌ಹೆಡ್‌ಗೆ ಸೈನ್ ಹಾಕಿ ಕೊಟ್ಟೆ. ಆಸ್ಪತ್ರೆಗೆ, ಜನತಾ ಮನೆಗೆ, ಯಾರಾದ್ರೂ ಬಂದ್ರೆ ಅವ್ರಿಗೆ ತೊಂದ್ರೆ ಆಗ್ಬಾರ್ದಲ್ಲ ಅಂತ. ತಿಂಗಳು ಬಿಟ್ಟು ಒಬ್ರು ಮೇಡಂ ಬಂದ್ರು, ಪ್ರೈಮರಿ ಸ್ಕೂಲ್ ಟೀಚರ್ರು. ಬೆಳಿಗ್ಗೆ ಜಗಲಿ ತುಂಬಾ ಜನ, ಠಾಣೆಗೊಂದು ಫೋನ್ ಮಾಡಿ ಅನ್ನೋರು, ಮದುವೆ ಕಾಗದ ಹಿಡ್ಕೊಂಡೋರು. ಆಯಮ್ಮ ಎಲ್ಲರೂ ಹೋಗೋವರೆಗೂ ಮೂಲೇಲಿ ಕೂತಿದ್ದು, ಕೊನೆಗೆ ಒಂದು ಕಾರ್ಬನ್ ಕಾಪಿ ಟೇಬಲ್ ಮೇಲೆ ಇಟ್ಟು "ಸಾರ್, ಈ ಸೈನ್ ನಿಮ್ದೇನಾ" ಅಂದ್ರು. ಅವ್ರನ್ನ ನಲವತ್ತು ಮೈಲಿ ಆಚೆ ವರ್ಗ ಮಾಡಿ ಅಂತ ನಾನೇ ಶಿಫಾರಸ್ಸು ಮಾಡಿದ ಹಾಗಿತ್ತು. ಆ ಹುಡುಗನಿಗೂ ಆಯಮ್ಮನ ಮನೆಯವ್ರಿಗೂ ಬೇಲಿ ಜಗಳ ಅಂತೆ. ನನ್ನದಲ್ಲ ಅನ್ನಬಹುದಿತ್ತು, ವಕೀಲನಿಗೆ ಅದು ಹೇಳಿಕೊಡ್ಬೇಕಾ. ನನ್ನದೇ ಅಂದೆ. ವರ್ಗ ರದ್ದು ಮಾಡ್ಸೋಕೆ ಮೂರು ಸಲ ಬೆಂಗ್ಳೂರಿಗೆ ಓಡಾಡ್ದೆ, ಆಗ್ಲಿಲ್ಲ. ಎರಡು ವರ್ಷ ಆಯಮ್ಮ ಬೆಳಿಗ್ಗೆ ಆರರ ಬಸ್ಸಿಗೆ ಸ್ಟ್ಯಾಂಡಲ್ಲಿ ನಿಂತಿರೋದನ್ನ ನೋಡ್ತಿದ್ದೆ, ನಮಸ್ಕಾರ ಮಾಡೋರು, ಅದೇ ಕಷ್ಟ.

ಆಮೇಲೆ 1989ರ ಏಪ್ರಿಲ್. ಬೊಮ್ಮಾಯಿಯವ್ರು ಮುಖ್ಯಮಂತ್ರಿ, ಅವ್ರೂ ಹುಬ್ಬಳ್ಳಿ ಕಡೆ ವಕೀಲ್ರೇ. ನಮ್ಮ ಪಾರ್ಟಿಯವ್ರೇ ಹೆಚ್ಚಾಗಿದ್ದ ಹತ್ತೊಂಬತ್ತು ಜನ ಶಾಸಕರು ಬೆಂಬಲ ವಾಪಸ್ ತಗೊಂಡಿದಾರೆ ಅಂತ ರಾಜ್ಯಪಾಲ್ರಿಗೆ ಕಾಗದ ಹೋಯ್ತು. ಮಾರನೇ ದಿನವೋ ಏನೋ ಅದ್ರಲ್ಲೇ ಏಳು ಜನ, ನಮ್ಮ ಸಹಿ ಮೋಸದಿಂದ ತಗೊಂಡಿದ್ದು ಅಂತ ಬರ್ದು ಕೊಟ್ರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿಯವ್ರು ಅಂದ್ರೂ ರಾಜ್ಯಪಾಲ್ರು ಕೇಳ್ಲಿಲ್ಲ, 21ನೇ ತಾರೀಕು ಸರ್ಕಾರ ವಜಾ. ಶಾಸಕರ ಭವನದಲ್ಲಿ ನನ್ ರೂಮಿಗೂ ರಾತ್ರಿ ಒಬ್ರು ಕಾಗದ ತಂದಿದ್ರು, ಕೆಳಗಡೆ ಮಾತ್ರ ಕಾಣೋ ಹಾಗೆ ಮಡಚಿ. ನಂಗೆ ಆ ಅಜ್ಜನ ಮಸಿ ಒಣಗಿದ ಬೆರಳು ನೆನಪಾಯ್ತು, ಬಿಚ್ಚಿ ತೋರ್ಸಿ ಅಂದೆ, ನಾಳೆ ಬರ್ತೀನಿ ಅಂತ ಹೋದವ್ರು ಬರ್ಲೇ ಇಲ್ಲ. ಬೊಮ್ಮಾಯಿ ಕೇಸು 1994ರ ಮಾರ್ಚಲ್ಲಿ ಒಂಬತ್ತು ಜಡ್ಜ್‌ಗಳ ಬೆಂಚಿಂದ ತೀರ್ಮಾನ ಆಗಿ, ಬಹುಮತ ಸದನದಲ್ಲೇ ಸಾಬೀತಾಗ್ಬೇಕು ಅಂತಾಯ್ತು. ನೀನು ಲಾ ಕಾಲೇಜಲ್ಲಿ ಬಾಯಿಪಾಠ ಮಾಡಿದ್ದು ಅದೇ. ಗೆದ್ರು, ಆದ್ರೆ ಐದು ವರ್ಷ ಆಗಿತ್ತು, ಕುರ್ಚಿ ಎಲ್ಲಿ ವಾಪಸ್ ಬರುತ್ತೆ.

ನಾನಂತೂ ಆ 1989ರ ನವೆಂಬರ್ ಎಲೆಕ್ಷನ್ನಲ್ಲಿ ಸೋತೆ. ಮೂರನೇ ದಿನ ಇಸ್ತ್ರಿ ಇಲ್ಲದ ಕೋಟು ಹಾಕ್ಕೊಂಡು ಮುನ್ಸೀಫ್ ಕೋರ್ಟಿಗೆ ಹೋದ್ರೆ ಬೆಂಚ್ ಕ್ಲರ್ಕು ಏನೂ ಆಗದವರ ಥರ "ಸಾರ್, ನಿಮ್ದೊಂದು ವಾಯಿದೆ ಇದೆ" ಅಂದ್ರು. ಒಂದೇ ಒಂದು ಕೇಸು ಉಳ್ಕೊಂಡಿತ್ತು ಪುಟ್ಟಿ, ಬಾವಿ ನೀರಿನ ಜಗಳ, ಅದ್ರಲ್ಲೇ ಮತ್ತೆ ಶುರು ಮಾಡಿದ್ದು. ಪೂರ್ತಿ ಬಿಡಬೇಡ ಅಂದಿದ್ದು ಅದಕ್ಕೇ. ಅಡಿಕೆ ಮಾರಿ ಎಲೆಕ್ಷನ್ ಸಾಲ ತೀರಿಸೋಕೆ ನಿಮ್ಮಪ್ಪ ಹೆಗಲು ಕೊಟ್ಟ, ಅವನು ಬೇಡ ಅನ್ನೋದು ಸುಮ್ನೆ ಅಲ್ಲ. ಈಗ ಖರ್ಚಿನ ಮಿತಿನೇ 40 ಲಕ್ಷ ಅಂತೆ, ಪಾರ್ಟಿ ಎಷ್ಟು ಕೊಡುತ್ತೆ, ನೀನು ಎಷ್ಟು, ಮೊದ್ಲೇ ಬಾಯ್ಬಿಟ್ಟು ಕೇಳು.

ಇನ್ನು ಫಾರಂ 26ರ ಅಫಿಡವಿಟ್ಟು, ಆಸ್ತಿ ಸಾಲ ಕೇಸು ಎಲ್ಲಾ ಬರೆಯೋದು. ಪಾರ್ಟಿ ಆಫೀಸಲ್ಲಿ ರೆಡಿ ಮಾಡ್ಕೊಡ್ತೀವಿ, ಸೈನ್ ಹಾಕಿದ್ರೆ ಸಾಕು ಅಂತಾರೆ. ಬೇಡ, ಭಾನುವಾರ ಇಲ್ಲಿಗೆ ಬಾ, ಇಬ್ರೂ ಕೂತು ಬರೆಯೋಣ. ನಿಮ್ ದೊಡ್ಡಮ್ಮ ಕೆಸುವಿನ ಎಲೆ ಪತ್ರೊಡೆ ಮಾಡ್ತೀನಿ ಅಂದಿದಾಳೆ. ಬರೋವಾಗ ಮೇಲಿನ ತೋಟದ ಪಹಣಿ ತಗೊಂಡು ಬಾ, ಅದ್ರಲ್ಲಿ ನನ್ ಹೆಸರೂ ನಿಮ್ಮಪ್ಪನ ಹೆಸರೂ ಇನ್ನೂ ಜಂಟಿಯಾಗೇ ಇದೆ, ನಿಂದು ಯಾವ ಭಾಗ ಅಂತ ಬರೆಯೋದು ಅಂತ ನಂಗೂ ಸರಿಯಾಗಿ ಹೊಳೀತಾ ಇಲ್ಲ.

ನಿನ್ನ
ದೊಡ್ಡಪ್ಪ