ಅಪ್ಪಾ, ಮೊದಲು ಕಣ್ಣು, ಆಮೇಲೆ ಪುಸ್ತಕ

ಡಬ್ಲಿನ್, ಭಾನುವಾರ ಮಧ್ಯಾಹ್ನ

ಅಪ್ಪ ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆ, ಸ್ವೆಟರ್ ಹಾಕುತ್ತಿದ್ದೇನೆ. ಪುಟ್ಟಿ, ಇದನ್ನು ಪ್ರಿಂಟ್ ತೆಗೆಸಿ ನೀನೇ ಅಪ್ಪನ ಎದುರು ಕೂತು ಜೋರಾಗಿ ಓದಬೇಕು. ಅವರ ಕೈಗೆ ಕೊಡಬೇಡ. ಕೊಟ್ಟರೆ ಎರಡು ನಿಮಿಷ ಹಿಡಿದುಕೊಂಡು ಕೂತು "ಓದಿದೆ ಓದಿದೆ" ಅಂತ ಮಡಚಿ ಜೇಬಿಗೆ ಹಾಕುತ್ತಾರೆ, ಕಾಣಿಸುತ್ತಿಲ್ಲ ಅಂತ ಮಾತ್ರ ಬಾಯಿ ಬಿಡುವುದಿಲ್ಲ.

ನಿನ್ನ ಮೆಸೇಜ್ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದರು ಅಂದರೆ ನಗಬಹುದು. ಗೇಟಿನ ಕಂಬಕ್ಕೆ ಸ್ಕೂಟರ್ ಗುದ್ದಿದರು ಅಂದರೆ ಏನಂತ ನಗುವುದು? ಪೊರೆ ಬಂದಿದೆ, ಎರಡೂ ಕಣ್ಣು ಅಂತ ಡಾಕ್ಟರು ಹೇಳಿ ಎಷ್ಟು ದಿನ ಆಯಿತು? ಆಗ ದಸರಾ ಕಳೆಯಲಿ ಅಂದರು. ಆಮೇಲೆ ದೀಪಾವಳಿ. ಈಗ "ಮಗಳು ಪುಸ್ತಕ ಕಳಿಸ್ತಾಳೆ, ಅದಷ್ಟನ್ನೂ ಓದಿ ಮುಗಿಸಿ ಆಮೇಲೆ ನೋಡೋಣ" ಅಂದರಂತೆ. ಅಪ್ಪಾ, ಪುಸ್ತಕವನ್ನು ಯಾವುದರಿಂದ ಓದುತ್ತೀರಿ, ಕಿವಿಯಿಂದಲಾ?

ಪುಸ್ತಕ ಕೊಂಡಿದ್ದೇನೆ. ಸುಳ್ಳು ಹೇಳುವುದಿಲ್ಲ. ಒಟ್ಟು 9, ನನ್ನ ಮಂಚದ ಕೆಳಗಿವೆ. ಹೊಸ ಪುಸ್ತಕದ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಅದಕ್ಕೆ ಚಾರಿಟಿ ಅಂಗಡಿಗಳಿಗೆ ಹೋಗುತ್ತೇನೆ. ಜನ ಮನೆಯಲ್ಲಿ ಬೇಡವಾದದ್ದನ್ನು ತಂದುಕೊಡುತ್ತಾರೆ, ಇವರು ಮಾರಿ ಆ ದುಡ್ಡನ್ನು ಒಳ್ಳೆಯ ಕೆಲಸಕ್ಕೆ ಬಳಸುತ್ತಾರೆ. ಮುಂದೆ ಬಟ್ಟೆ, ಪಿಂಗಾಣಿ ಬಸಿ. ಹಿಂದಿನ ಮೂಲೆಯಲ್ಲಿ ಪುಸ್ತಕ, ಅದರಲ್ಲಿ ಒಂದು ಕಪಾಟು ಪೂರ್ತಿ ಬರೀ ಯುದ್ಧ. ನೆಪೋಲಿಯನ್ ಕಾಲದ್ದು, ಮೊದಲನೇ ಮಹಾಯುದ್ಧ, ಎರಡನೇದು, ಹಡಗು, ಕೋಟೆ, ಪದಕ. ಇಲ್ಲಿನ ಅಜ್ಜಂದಿರು ತೀರಿಕೊಂಡರೆ ಮನೆಯವರು ಮೊದಲು ಹೊರಗೆ ಹಾಕುವುದು ಇವನ್ನೇ ಅಂತ ಕಾಣುತ್ತದೆ. ಅಮ್ಮ, ನೀನು ಇದನ್ನು ಕೇಳಿಸಿಕೊಂಡು ಅಟ್ಟದ ಕಡೆ ನೋಡಬೇಡ.

ಅಪ್ಪ ಕೇಳಿದ್ದ ತೆಳ್ಳಗಿನ ಬಣ್ಣದ ಪುಸ್ತಕಗಳೂ ಸಿಕ್ಕವು, ಆಸ್ಪ್ರೇ ಪ್ರಕಾಶನದ್ದು. 48 ಪುಟ. ನಡುವೆ ಬಣ್ಣದ ಚಿತ್ರ, ಯಾವ ಪಡೆಯ ಸಿಪಾಯಿ ಯಾವ ವರ್ಷ ಎಂಥ ಕೋಟು ಹಾಕಿದ್ದ, ಟೋಪಿಗೆ ಯಾವ ಬಣ್ಣದ ಗರಿ, ಎಲ್ಲ. ಅದರ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಆ ಪ್ರಕಾಶನ ಹುಟ್ಟಿದ್ದು ಟೀ ಪುಡಿಯಿಂದ! ಬ್ರೂಕ್ ಬಾಂಡ್ ಕಂಪನಿಯವರದೇ ಒಂದು ಪ್ರೆಸ್ ಇತ್ತು, ಮಕ್ಕಳು ಕೂಡಿಡಲಿ ಅಂತ ಟೀ ಪೊಟ್ಟಣದೊಳಗೆ ಹಾಕುವ ಚಿತ್ರದ ಕಾರ್ಡುಗಳನ್ನು ಅಚ್ಚು ಹಾಕುತ್ತಿತ್ತು. ಆ ಕಾರ್ಡುಗಳಿಂದ ಯುದ್ಧವಿಮಾನದ ಪುಸ್ತಕಕ್ಕೆ ಬಂದರು, 1969ರಲ್ಲಿ ಮೊದಲನೆಯದು. ಆಮೇಲೆ ಸೈನಿಕರು, ಕೋಟೆಗಳು ಅಂತ ನೂರಾರು. ಅಡುಗೆಮನೆಯಲ್ಲಿ ಮೆಂತ್ಯ ತುಂಬಿಟ್ಟ ಆ ಹಳೇ ಬ್ರೂಕ್ ಬಾಂಡ್ ಡಬ್ಬಿಗೆ ಇನ್ನು ಮೇಲಾದರೂ ಸ್ವಲ್ಪ ಮರ್ಯಾದೆ ಕೊಡಿ.

ಆದರೆ ನಿಮಗೆ ಅಂತ ಬೇರೆ ಎತ್ತಿಟ್ಟಿದ್ದು ಒಂದಿದೆ. ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಅಂತ ಈ ಊರಿನ ಹೆಸರಿನದೇ ಒಂದು ಬ್ರಿಟಿಷ್ ರೆಜಿಮೆಂಟ್ ಇತ್ತು, 1922ರಲ್ಲಿ ಮುಚ್ಚಿದರು. ಅದರ ಚರಿತ್ರೆ. ಬಾವುಟದ ಗೌರವ ಅಂತ ಅವರು ಲೆಕ್ಕ ಇಡುತ್ತಿದ್ದ ಯುದ್ಧಗಳ ಪಟ್ಟಿ ಒಳಗಿದೆ. ಆರ್ಕಾಟ್, ಪ್ಲಾಸಿ, ಹೀಗೇ ಓದುತ್ತಾ ಬಂದರೆ ಒಂದು ಕಡೆ "ನಂಡಿ ಡ್ರೂಗ್" ಅಂತಿತ್ತು. ಇದ್ಯಾವ ದೇಶದ್ದಪ್ಪ ಅಂದುಕೊಂಡೆ. ಟ್ರಾಮಿನಲ್ಲಿ ಎರಡು ಸ್ಟಾಪ್ ದಾಟಿದ ಮೇಲೆ ಹೊಳೆಯಿತು. ನಂದಿದುರ್ಗ! ನಮ್ಮ ನಂದಿ ಬೆಟ್ಟ! ಬೆಳಿಗ್ಗೆ 3 ಗಂಟೆಗೆ ಎದ್ದು ಸೂರ್ಯೋದಯ ನೋಡೋಕೆ ಹೋಗಿ ಬರೀ ಮಂಜು ನೋಡಿ, ಬೋಂಡ ತಿಂದು ವಾಪಸ್ ಬಂದೆವಲ್ಲ, ಅದೇ. ನಾನು ಒಬ್ಬಳೇ ನಕ್ಕಿದ್ದಕ್ಕೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಡಬ್ಲಿನ್ನಿನವರಿಗೆ ನಂದಿ ಬೆಟ್ಟದಲ್ಲಿ ಏನು ಕೆಲಸ ಅಂದರೆ, ಮೂಲದಲ್ಲಿ ಇವರು ಈಸ್ಟ್ ಇಂಡಿಯಾ ಕಂಪನಿಯವರು. ಮದ್ರಾಸಿನಲ್ಲಿ ಒಂದು, ಬಾಂಬೆಯಲ್ಲಿ ಒಂದು ಯುರೋಪಿಯನ್ ಪಡೆ. ಮದ್ರಾಸಿನವರು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್ ಕಡೆಯಿಂದ ಟಿಪ್ಪುವಿನ ನಂದಿ ಕೋಟೆಗೆ ಲಗ್ಗೆ ಹಾಕಿದವರು. 1857 ಆದ ಮೇಲೆ ಕಂಪನಿಯ ಪಡೆ ರಾಣಿಯ ಪಡೆ ಆಯಿತು, 1881ರಲ್ಲಿ ಎರಡನ್ನೂ ಸೇರಿಸಿ ಡಬ್ಲಿನ್ ಹೆಸರಿಟ್ಟರು. ಹೆಸರು, ಊರು ಎಲ್ಲ ಬದಲಾದರೂ ನಂಡಿ ಡ್ರೂಗ್ ಪಟ್ಟಿಯಲ್ಲೇ ಉಳಿಯಿತು. ಅದೇ ಪಟ್ಟಿಯಲ್ಲಿ ಸೆರಿಂಗಪಟಮ್, ಅಂದರೆ ನಮ್ಮ ಶ್ರೀರಂಗಪಟ್ಟಣ ಕೂಡ ಇದೆ. ಪುಟ್ಟಿ, ಇಲ್ಲಿ ಸ್ವಲ್ಪ ನಿಲ್ಲಿಸು, ಅಪ್ಪ ಏನೋ ಹೇಳುತ್ತಾರೆ.

ಹೇಳಿ ಆಯಿತಾ? ಸರಿ. ಆ ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗಿದೆ. ನನಗೇ ಕಣ್ಣು ಕಿರಿದು ಮಾಡಿ ಓದಬೇಕು. ಈಗಿನ ನಿಮ್ಮ ಕಣ್ಣಿಗೆ ಅದು ಬೂದು ಬಣ್ಣದ ಕಾಗದ ಅಷ್ಟೇ.

ಅಂಗಡಿಯ ಕೌಂಟರಿನಲ್ಲಿ ಸಂಬಳ ಇಲ್ಲದೆ ಕೆಲಸ ಮಾಡುವ ಒಬ್ಬ ವಯಸ್ಸಾದವರು ಇದ್ದಾರೆ. ಇಂಡಿಯಾದ ಹುಡುಗಿ ಈ ಪುಸ್ತಕ ಯಾಕೆ ಕೊಳ್ಳುತ್ತಾಳೆ ಅಂತ ಅವರಿಗೆ ಆಶ್ಚರ್ಯ. ನಂದಿ ಬೆಟ್ಟದ ಫೋಟೋ ತೋರಿಸಿದೆ. ಆಗ ಅವರು ಹೇಳಿದರು, ಅವರ ತಾತನೂ ಈ ಡಬ್ಲಿನ್ ಪಡೆಯಲ್ಲೇ ಇದ್ದರಂತೆ, 1915ರಲ್ಲಿ ಟರ್ಕಿಯ ಗ್ಯಾಲಿಪೊಲಿ ಯುದ್ಧಕ್ಕೆ ಹೋಗಿ ಬದುಕಿ ಬಂದವರು. ಪದಕಗಳು ಬಿಸ್ಕೆಟ್ ಡಬ್ಬಿಯಲ್ಲಿ, ಡಬ್ಬಿ ಬೀರುವಿನ ಹಿಂದೆ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲವಂತೆ. ಯಾಕೆ ಗೊತ್ತಾ? 1916ರಲ್ಲಿ ಇದೇ ಊರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಆಯಿತಲ್ಲ, ಅದನ್ನು ಅಡಗಿಸಲು ಇಳಿದವರಲ್ಲಿ ಈ ರೆಜಿಮೆಂಟಿನವರೂ ಇದ್ದರು. ದೇಶ ಸ್ವತಂತ್ರ ಆದ ಮೇಲೆ ಬ್ರಿಟಿಷ್ ಸಮವಸ್ತ್ರ ಹಾಕಿದ್ದ ತಾತ ಅಂದರೆ ಮುಜುಗರ. ಆ ಪಡೆಯವರ ನೆನಪಿಗೆ 1907ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸ್ಟೀಫನ್ಸ್ ಗ್ರೀನ್ ಪಾರ್ಕಿನ ಬಾಗಿಲಲ್ಲೇ ಇದೆ, ಜನ ಅದಕ್ಕೆ ಇಟ್ಟ ಅಡ್ಡಹೆಸರು ದ್ರೋಹಿಗಳ ಬಾಗಿಲು. ನಾನು ದಿನಾ ಅದರ ಕೆಳಗೇ ನಡೆದು ಆಫೀಸಿಗೆ ಹೋಗುತ್ತಿದ್ದೆ, ಏನೂ ಗೊತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ. ಜಿಲ್ಲೆಗೊಂದು, ಊರಿಗೊಂದು ಅಂತ ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಪುಸ್ತಕ ಬಂದಿವೆ, ಮೊಮ್ಮಕ್ಕಳು ಡಬ್ಬಿ ತೆಗೆದು ಪದಕ ಒರೆಸುತ್ತಿದ್ದಾರೆ. ಲೆಕ್ಕದ್ದೇ ಒಂದು ಜಗಳ. ಐಲೆಂಡ್‌ಬ್ರಿಜ್‌ನಲ್ಲಿ ದೊಡ್ಡ ಸ್ಮಾರಕ ತೋಟ ಇದೆ, ನಿಮ್ಮ ದೆಹಲಿಯ ಇಂಡಿಯಾ ಗೇಟ್ ಮಾಡಿದ ಲುಟ್ಯೆನ್ಸ್‌ದೇ ವಿನ್ಯಾಸ. ಅಲ್ಲಿ ಸತ್ತವರು 49,400 ಅಂತ ಕೆತ್ತಿದ್ದಾರೆ. ಅದರಲ್ಲಿ ಐರಿಶ್ ಪಡೆಗಳಲ್ಲಿದ್ದ ಬೇರೆಯವರೂ ಸೇರಿದ್ದಾರೆ, ನಿಜವಾದ ಐರಿಶರು 35,000ದ ಆಸುಪಾಸು ಅಂತ ಈಗಿನ ಚರಿತ್ರೆಕಾರರು. ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕಕ್ಕೂ ಇಲ್ಲಿಯದಕ್ಕೂ ರುಚಿಯೇ ಬೇರೆ. ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ಗೆ ಲಂಡನ್ನಿನ ಪಾರ್ಲಿಮೆಂಟ್ ಎದುರು ಪ್ರತಿಮೆ ಇದೆ. ಇಲ್ಲಿ ಅವನ ಹೆಸರು ಎತ್ತಿ ನೋಡಿ, 1649ರಲ್ಲಿ ದ್ರೋಹೆಡಾ ಊರಲ್ಲಿ ಅವನ ಸೈನ್ಯ ನಡೆಸಿದ ಕೊಲೆಗಳನ್ನು ಮೊನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ. ನಮ್ಮಲ್ಲಿ ಟಿಪ್ಪು ಹೆಸರೆತ್ತಿದರೆ ಚಿಕ್ಕಪ್ಪನೂ ನೀವೂ ಎಲೆ ಮುಂದೆಯೇ ಶುರು ಮಾಡುತ್ತೀರಲ್ಲ, ಹಾಗೆ.

ವೆಲ್ಲೆಸ್ಲಿ ಬಗ್ಗೆಯೂ ಕೇಳಿದ್ದಿರಿ. ಹೌದು, ನಮ್ಮ ಶ್ರೀರಂಗಪಟ್ಟಣಕ್ಕೆ ಟಿಪ್ಪು ವಿರುದ್ಧ ಬಂದಿದ್ದ, ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ 1769ರಲ್ಲಿ ಹುಟ್ಟಿದ್ದು ಇದೇ ಡಬ್ಲಿನ್ನಿನಲ್ಲಿ. ಫೀನಿಕ್ಸ್ ಪಾರ್ಕಿನಲ್ಲಿ ಅವನಿಗೆ 62 ಮೀಟರಿನ ಕಲ್ಲುಕಂಬ ನಿಲ್ಲಿಸಿದ್ದಾರೆ, ಬುಡದಲ್ಲಿ ಒಂದು ಕಡೆ ಇಂಡಿಯಾ ಯುದ್ಧಗಳ ಕಂಚಿನ ಫಲಕ. ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆ ಆಗುವುದಿಲ್ಲ, ನಾನು ಐರಿಶ್ ಅಲ್ಲ ಅಂತ ಅವನು ಹೇಳಿದ ಅಂತ ಎಷ್ಟೋ ಪುಸ್ತಕ ಬರೆಯುತ್ತವೆ. ಅದು ತಪ್ಪು ಅಪ್ಪ, ನೀವೂ ನೆಂಟರಿಗೆ ಹಾಗೇ ಹೇಳುತ್ತಿದ್ದಿರಿ. ಅವನ ಬಗ್ಗೆ ಆ ಮಾತು ಆಡಿದ್ದು ಐರಿಶ್ ನಾಯಕ ಡೇನಿಯಲ್ ಓಕಾನೆಲ್.

ಮತ್ತೆ ಅದೇ ವೆಲ್ಲೆಸ್ಲಿ 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನೊಳಗೆ ಕತ್ತಲಲ್ಲಿ ನುಗ್ಗಿ, ದಾರಿ ತಿಳಿಯದೆ, ಜನರನ್ನು ಕಳೆದುಕೊಂಡು ವಾಪಸ್ ಬಂದನಲ್ಲ, ಆ ಕಥೆಯನ್ನು ನೀವು ಎಷ್ಟು ಸಲ ಹೇಳಿಲ್ಲ! ಅವನಿಗಾದರೂ ರಾತ್ರಿ. ನೀವು ಮಟಮಟ ಮಧ್ಯಾಹ್ನ ನಮ್ಮದೇ ಗೇಟಿಗೆ ಗುದ್ದಿದ್ದೀರಿ.

ಅಮ್ಮನಿಗೂ ಒಂದು ಕಥೆ ಇದೆ. ಡೇವಿಡ್ ಬೇರ್ಡ್ ಅಂತ ಸ್ಕಾಟ್ಲೆಂಡಿನವನು, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಅದಕ್ಕೂ ಮೊದಲು ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಕೈದಿಗಳನ್ನು ಇಬ್ಬಿಬ್ಬರಂತೆ ಸಂಕೋಲೆ ಹಾಕಿದ್ದಾರೆ ಅನ್ನುವ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಏನೋ ದೇವರೇ ಅಂದಳಂತೆ. ಅಷ್ಟು ಹಟಮಾರಿ ಮಗ. ಓದಿದ ಕೂಡಲೇ ನನಗೆ ನೀನೇ ನೆನಪಾದೆ ಅಮ್ಮ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪಾ, ಶ್ರೀಮಂತ ದೇಶ ಅಂತ ನೀವು ಹೇಳುವ ಈ ಐರ್ಲೆಂಡಿನಲ್ಲಿ ಪೊರೆ ಆಪರೇಷನ್ನಿಗೆ ಸರಕಾರಿ ಸರದಿ ಎಷ್ಟು ಉದ್ದ ಇತ್ತು ಅಂದರೆ, ದಕ್ಷಿಣದ ಕೆರ್ರಿ, ಕಾರ್ಕ್ ಕಡೆಯ ಅಜ್ಜ ಅಜ್ಜಿಯರನ್ನು ಬಸ್ಸಿನಲ್ಲಿ ತುಂಬಿಕೊಂಡು ಬ್ರಿಟನ್ನಿನ ಕೈಯಲ್ಲಿರುವ ಉತ್ತರ ಐರ್ಲೆಂಡಿನ ಗಡಿ ದಾಟಿಸಿ ಬೆಲ್‌ಫಾಸ್ಟ್‌ಗೆ ಕರೆದುಕೊಂಡು ಹೋಗಿ ಮಾಡಿಸಿಕೊಂಡು ಬಂದಿದ್ದಾರೆ. ಆ ಬಸ್ಸಿನ ಹೆಸರೇ "ಬೆಲ್‌ಫಾಸ್ಟ್ ಇಲ್ಲವೇ ಕುರುಡು". 80 ದಾಟಿದವರು ದ್ವೀಪದ ಆ ತುದಿಯಿಂದ ಈ ತುದಿಗೆ ಹೋಗಿ ಬಂದಿದ್ದಾರೆ. ನಿಮಗೆ ಮೈಸೂರಿನಲ್ಲಿ ಆಟೋದಲ್ಲಿ 10 ನಿಮಿಷ.

ಭಯ ಪಡುವಂಥದ್ದು ಏನೂ ಇಲ್ಲ. ನನಗಂತೂ ಭಯ ಇಲ್ಲ, ಸ್ವಲ್ಪವೂ ಇಲ್ಲ. ಕಣ್ಣಿಗೆ ಮರಗಟ್ಟುವ ಹನಿ ಹಾಕುತ್ತಾರೆ, ಹಳೇ ಮಸೂರ ತೆಗೆದು ಹೊಸದು ಇಡುತ್ತಾರೆ, ಒಂದು ಕಣ್ಣಿಗೆ ಅರ್ಧ ಗಂಟೆ ಕೂಡ ಬೇಡ. ಅದೇ ದಿನ ಮನೆಗೆ. ಬಿಟ್ಟಷ್ಟೂ ಪೊರೆ ಬಲಿತು ಗಟ್ಟಿಯಾಗುತ್ತದೆ, ಆಗ ತೆಗೆಯುವುದು ಕಷ್ಟ, ಇದೊಂದೇ ನನ್ನ ಯೋಚನೆ. ಉಳಿದಂತೆ ನನಗೆ ಯಾವ ಯೋಚನೆಯೂ ಇಲ್ಲ. ದುಡ್ಡು ಪುಟ್ಟಿಯ ಅಕೌಂಟಿಗೆ ಹಾಕಿದ್ದೇನೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಇಲ್ಲಿ ನನಗೆ ಏನೂ ತೊಂದರೆ ಆಗಿಲ್ಲ, ಸುಮ್ನೆ ಲೆಕ್ಕ ಹಾಕಬೇಡಿ.

ನನ್ನ ಕರಾರು ಇದು. ಆಪರೇಷನ್ ಆಗುವ ತನಕ ಒಂದು ಪುಸ್ತಕವೂ ಬರುವುದಿಲ್ಲ. ಮೊದಲ ಕಣ್ಣು ಆದ ದಿನ ಆಸ್ಪ್ರೇ ನಾಲ್ಕು. ಎರಡನೇ ಕಣ್ಣು ಆಗಿ, ಹನಿ ಹಾಕುವುದೆಲ್ಲ ಮುಗಿದ ಮೇಲೆ ನಂಡಿ ಡ್ರೂಗ್. ಶೈಲಾ ಅತ್ತೆಯ ಮಗ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ 4 ಕಿಲೋ ಜಾಗ ಹಿಡಿದಿಟ್ಟಿದ್ದೇನೆ. ತಾರೀಖು ಗೊತ್ತಾಗದಿದ್ದರೆ ಆ ಜಾಗದಲ್ಲಿ ಅತ್ತೆಗೆ ಚಾಕೊಲೇಟ್ ಬರುತ್ತದೆ.

ಅಮ್ಮ, ಮದುವೆ ವಿಷಯ ಈ ಪತ್ರದಲ್ಲಿ ಬೇಡ. ಹುಡುಗನ ಫೋಟೋ ನೋಡಿದೆ. ಆಮೇಲೆ ಮಾತಾಡೋಣ.

ನಾಲ್ಕು ಗಂಟೆಗೇ ಕತ್ತಲಾಗುತ್ತಿದೆ, ಬಟ್ಟೆ ಒಗೆಯಲು ಹಾಕಿ ಬಂದಿದ್ದೇನೆ, ಮಷೀನ್ ಕೂಗುತ್ತಿದೆ. ನಾಳೆ ನಿಮ್ಮ ಟೈಮ್ 8 ಗಂಟೆಗೆ ಫೋನ್ ಮಾಡುತ್ತೇನೆ, ಅಪ್ಪನೇ ಎತ್ತಬೇಕು. ಸ್ಕೂಟರ್ ಕೀ ಅಮ್ಮನ ಹತ್ತಿರ ಇರಲಿ.

ನಿಮ್ಮ ಮಗಳು

ಪುಟ್ಟಿ, ಅಪ್ಪನ ಶುಗರ್ ಕೊನೇ ಸಲ ಎಷ್ಟಿತ್ತು, ರಿಪೋರ್ಟಿನ ಫೋಟೋ ತೆಗೆದು ಇವತ್ತೇ ಕಳಿಸು. ಜಾಸ್ತಿ ಇದ್ದರೆ ಆಪರೇಷನ್ ಮುಂದೂಡುತ್ತಾರೆ, ಅವರಿಗೆ ಅದೇ ಇನ್ನೊಂದು ನೆಪ ಆಗುತ್ತದೆ. ಇದನ್ನು ಜೋರಾಗಿ ಓದಬೇಡ.