ಅಜ್ಜಿಯ ಎಲೆಗೆ ಗೆರೆಯೇ ಇಲ್ಲ: ಮಗಳಿಗೊಂದು ಪತ್ರ

ಪೆರ್ಲ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಮೊದಲು ದನದ ವಿಷಯ ಹೇಳಿಬಿಡುತ್ತೇನೆ. ನೀನು ಹೇಳಿದ್ದೇ ಸರಿ. ನಿನ್ನೆ ಪೇಟೆಯಲ್ಲಿ ದನದ ಡಾಕ್ಟರು ಸಿಕ್ಕಿದ್ದರು. ಕೇಳಿದೆ. ದನದ ಮೂಗಿನ ಮೇಲೆ, ಯಾವಾಗಲೂ ಒದ್ದೆಯಾಗಿರುವ ಆ ಜಾಗದಲ್ಲಿ, ಸಣ್ಣ ಸಣ್ಣ ಉಬ್ಬು ಮತ್ತು ಗೆರೆಗಳು ಉಂಟಂತೆ. ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲವಂತೆ. ಮೂಗಿಗೆ ಮಸಿ ಹಚ್ಚಿ, ಕಾಗದಕ್ಕೆ ಒತ್ತಿ, ದನದ ಗುರುತು ಹಿಡಿಯುವ ಕ್ರಮವೂ ಉಂಟಂತೆ. ಅಂದರೆ ನಮ್ಮ ಗಿಡ್ಡ ದನದ ಮೂಗಿಗೆ ನೀನು ಸ್ಟ್ಯಾಂಪ್ ಪ್ಯಾಡ್ ಒತ್ತಿದ್ದು ತಲೆಕೆಟ್ಟ ಕೆಲಸ ಏನಲ್ಲ. ಹಗ್ಗ ಹಿಡಿಯಲು ಯಾರನ್ನೂ ಕರೆಯದೆ ಒಬ್ಬಳೇ ಹೋದದ್ದಷ್ಟೇ ತಪ್ಪು.

ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಈಗ ನಿನಗೆ ಒತ್ತಕ್ಷರ ಓದಲು ಬರುತ್ತದಲ್ಲ. ಗೊತ್ತಾಗದ ಕಡೆ ಅಮ್ಮನನ್ನು ಕೇಳು. ಅಮ್ಮನಿಗೂ ಗೊತ್ತಾಗದಿದ್ದರೆ ಅದು ನನ್ನ ಕೈಬರಹದ ತಪ್ಪು.

ಬರೆಯಲು ಕಾರಣ ನಿನ್ನ ಟೀಚರ್ ಕೊಟ್ಟ ಹಾಳೆ. ಹಾಳೆಯಲ್ಲೊಂದು ಬೋಳು ಮರ. ಮನೆಯವರೆಲ್ಲ ಹೆಬ್ಬೆಟ್ಟು ಒತ್ತಿ ಅದಕ್ಕೆ ಎಲೆ ಮಾಡಬೇಕು. ಕೆಳಗೆ ‘ನನ್ನ ವಿಶೇಷ’ ಎಂದು ಬರೆದು, ಮುಂದೆ ಒಂದು ಖಾಲಿ ಗೆರೆ. ಎರಡನೇ ಕ್ಲಾಸಿನ ಮಕ್ಕಳಿಗೆ ಒಳ್ಳೆಯ ಆಟ ಅಂತ ನಾನೂ ಅಂದುಕೊಂಡೆ. ನಾನು ಕೆಲಸ ಮಾಡುವ ಸೊಸೈಟಿಯಿಂದ ಸ್ಟ್ಯಾಂಪ್ ಪ್ಯಾಡ್ ತಂದೆ. ಸಹಿ ಹಾಕಲು ಬಾರದವರ ಹೆಬ್ಬೆಟ್ಟು ಒತ್ತಿಸುವುದು ನನಗೆ ಹದಿನೈದು ವರ್ಷದ ಅಭ್ಯಾಸ. ನನ್ನದು, ಅಮ್ಮನದು, ನಿನ್ನದು ಚಂದ ಬಂತು. ನಿನ್ನದರಲ್ಲಿ ಸುಳಿ ಉಂಟು, ಹೊಳೆ ನೀರು ತಿರುಗಿದ ಹಾಗೆ. ನನ್ನದು ಒಂದೇ ಬದಿಗೆ ಬಾಗಿದ ಕುಣಿಕೆ. ಅಜ್ಜಿಯದು ಮಾತ್ರ ಬರೀ ಒಂದು ನೀಲಿ ಮಚ್ಚೆ. ಎರಡು ಸಲ ಒತ್ತಿಸಿದಿ, ಮೂರು ಸಲ ಒತ್ತಿಸಿದಿ. “ಪಪ್ಪಾ, ಅಜ್ಜಿಯ ಎಲೆಗೆ ಗೆರೆಯೇ ಇಲ್ಲ” ಅಂತ ಅಳುವ ಹಾಗೆ ನೋಡಿದಿ.

ಅವತ್ತು ನಾನು “ವಯಸ್ಸಾಯ್ತಲ್ಲ” ಅಂದು ಬಿಟ್ಟೆ. ಅದು ಅರ್ಧ ಉತ್ತರ. ಪೂರ್ತಿ ಉತ್ತರ ಹೀಗಿದೆ.

ನಾನು ನಿನ್ನಷ್ಟು ಇದ್ದಾಗ ಮಲಗುವಾಗಲೂ ಏಳುವಾಗಲೂ ನಮ್ಮ ಮನೆಯಲ್ಲಿ ಕೇಳಿಸುತ್ತಿದ್ದದ್ದು ಒಂದೇ ಸದ್ದು. ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದು. ಎಲೆಯನ್ನು ನೀರಿನಲ್ಲಿ ನೆನೆಸಬೇಕು. ಅಳತೆಗೆ ಸರಿಯಾಗಿ ಕತ್ತರಿಸಬೇಕು. ಹೊಗೆಸೊಪ್ಪಿನ ಪುಡಿ ಹಾಕಿ ಬೆರಳ ತುದಿಯಲ್ಲಿ ಉರುಟಿಸಬೇಕು. ಬಾಯಿ ಮಡಚಿ ನೂಲು ಸುತ್ತಬೇಕು. 25 ಬೀಡಿಗೆ ಒಂದು ಕಟ್ಟು. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಅಜ್ಜಿ ಗಂಟೆಗಟ್ಟಲೆ ಕೂರುತ್ತಿದ್ದರು. ಬೀಡಿ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಸರಿಯಿಲ್ಲದ್ದನ್ನು ಆರಿಸಿ ಬದಿಗೆ ಹಾಕುತ್ತಿದ್ದರು. ಅದಕ್ಕೆ ದುಡ್ಡಿಲ್ಲ. ನನ್ನ ಯೂನಿಫಾರ್ಮು, ಕೊಡೆ, ಕಾಲೇಜಿನ ಬಸ್ಸಿನ ದುಡ್ಡು ಎಲ್ಲ ಬಂದದ್ದು ಆ ಬೆರಳ ತುದಿಯಿಂದ. ಗೆರೆ ಅಲ್ಲಿ ಸವೆದು ಹೋಯಿತು. ಈಗ ರೇಷನ್ ಅಂಗಡಿಯ ಮಿಷನ್ನಿಗೆ ಅಜ್ಜಿಯ ಗುರುತೇ ಸಿಗುವುದಿಲ್ಲ. ಬೆರಳು ಒರೆಸಿ, ಮತ್ತೆ ಒತ್ತಿ, ಕೊನೆಗೆ ನನ್ನ ಮೊಬೈಲಿಗೆ ಒಟಿಪಿ ಬಂದ ಮೇಲೆ ಅಕ್ಕಿ.

ಅಜ್ಜಿ ನನಗೆ ಒಂದು ದಿನವೂ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂದವರಲ್ಲ. ತುಳುವಿನಲ್ಲಿ ಹಾಗೆ ಹೇಳಿದರೆ ನಾಟಕದ ಡೈಲಾಗ್ ಆಗುತ್ತದೆ. ಅವರು ಕೇಳುವುದು “ವಣಸ್ ಆಂಡಾ?” ಅಂತ. ಊಟ ಆಯ್ತಾ ಅಂತ. ಮತ್ತೆ ನಿನ್ನ ಬಟ್ಟಲಿನ ಬೂತಾಯಿ ಮೀನಿನಿಂದ ಒಂದೊಂದೇ ಮುಳ್ಳು ತೆಗೆಯುತ್ತಾರೆ. ಗಮನಿಸಿದ್ದೀಯಾ? ಕಣ್ಣು ಮಂಜು, ಬೆರಳು ನುಣುಪು. ಆದರೂ ಒಂದು ಮುಳ್ಳು ಸಹ ತಪ್ಪಿಸಿಕೊಳ್ಳುವುದಿಲ್ಲ.

ಮರಕ್ಕೆ ಎಂಟು ಎಲೆ ಸಾಕು ಅಂತ ಟೀಚರ್ ಹೇಳಿದ್ದರು. ನೀನು ಹನ್ನೊಂದು ಮಾಡಿದಿ. ಅಮ್ಮನ ಕಡೆಯ ಅಜ್ಜಿ, ಮಾವ ಎಲ್ಲ ಬಂದರು. “ಇವರಲ್ಲಿ ನನ್ನ ಕುಟುಂಬ ಯಾವುದು?” ಅಂತ ನೀನು ಕೇಳಿದಾಗ ಅಮ್ಮ ನಕ್ಕಳು. ಯಾಕೆ ಗೊತ್ತುಂಟಾ? ನಮ್ಮ ಹಳೆ ಲೆಕ್ಕದಲ್ಲಿ ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ನಿನ್ನ ಬರಿ ಅಮ್ಮನದು. ನಿನ್ನ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಅಮ್ಮನ ಮನೆ. ಅಲ್ಲಿ ಮಾವನಿಗೆ ಇರುವ ಜಾಗ ನನಗಿಲ್ಲ. ದೈವದ ಎದುರು ನೀನೂ ಅಮ್ಮನೂ ಮನೆಯವರು, ನಾನು ನೆಂಟ! ಆಸ್ತಿಯ ಕಾನೂನು ಈಗ ಬದಲಾಗಿದೆ. ಆದರೆ ಮದುವೆಯ ಮಾತು ಬಂದರೆ ಹಿರಿಯರು ಮೊದಲು ಬರಿ ಕೇಳುವುದು ನಿಂತಿಲ್ಲ. ಮೊದಲೆಲ್ಲ ಈ ವಿಷಯ ನೆನೆದರೆ ನನಗೆ ಸ್ವಲ್ಪ ಬೇಜಾರಾಗುತ್ತಿತ್ತು. ಆಮೇಲೆ ಅನಿಸಿತು, ಜ್ವರ ಬಂದ ರಾತ್ರಿ ನೀನು ಬರಿ ನೋಡಿ ಯಾರನ್ನೂ ಕರೆಯುವುದಿಲ್ಲವಲ್ಲ.

ಭಾಷೆಯದ್ದೂ ಇದೇ ಕಥೆ. ಒಂದನೇ ಕ್ಲಾಸಿನಲ್ಲಿ ನಾನು ಹೆಂಗಸಿನ ಚಿತ್ರದ ಕೆಳಗೆ ‘ಅಪ್ಪ’ ಎಂದೂ ಗಂಡಸಿನ ಚಿತ್ರದ ಕೆಳಗೆ ‘ಅಮ್ಮ’ ಎಂದೂ ಬರೆದಿದ್ದೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ ಅಲ್ವಾ? ನನ್ನ ಮಟ್ಟಿಗೆ ಸರಿಯೇ ಇತ್ತು. ಮಾಸ್ಟ್ರು ಬೆರಳ ಗಂಟಿಗೆ ಸ್ಕೇಲಿನಲ್ಲಿ ಕೊಟ್ಟರು. ನಿನಗೆ ಆ ಕಷ್ಟವಿಲ್ಲ, ನೀನು ನನ್ನನ್ನು ಪಪ್ಪ ಅಂತೀ. ಏಳು ಭಾಷೆಯ ಊರು ಅಂತ ಕಾಸರಗೋಡನ್ನು ಭಾಷಣದಲ್ಲೆಲ್ಲ ಹೊಗಳುತ್ತಾರೆ. ಸ್ಕೇಲಿನ ಪೆಟ್ಟು ಯಾರೂ ಹೇಳುವುದಿಲ್ಲ.

ತೀರಿಹೋದ ಅಜ್ಜನ ಎಲೆ ಬೇಕು ಅಂತ ಹಟ ಹಿಡಿದದ್ದೂ ನೀನೇ. ಅಮ್ಮ ‘ಮರೆತುಬಿಡು’ ಅಂದಳು. ನನಗೆ ಕಬ್ಬಿಣದ ಪೆಟ್ಟಿಗೆ ನೆನಪಾಯಿತು. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು. ಆಮೇಲೆ ನಾವಿರುವ ಈ ಜಾಗ ನಮ್ಮ ಹೆಸರಿಗಾಯಿತು. ಆ ಹಳೆ ಕಾಗದಗಳಲ್ಲೊಂದರಲ್ಲಿ ಅಜ್ಜನ ಹೆಬ್ಬೆಟ್ಟು ಉಂಟು. ಅದನ್ನು ಜೆರಾಕ್ಸ್ ಮಾಡಿಸಿ, ಕತ್ತರಿಸಿ, ನೀನು ಎಲ್ಲಕ್ಕಿಂತ ಮೇಲಿನ ಕೊಂಬೆಗೆ ಅಂಟಿಸಿದಿ. ನೀನು ಹುಟ್ಟುವ ಮೊದಲೇ ಹೋದವರ ಬೆರಳು. ಅದರಲ್ಲೂ ಸುಳಿ ಉಂಟು. ಅಜ್ಜಿ ಆ ತುಂಡು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಇನ್ನು ಹನ್ನೊಂದನೇ ಎಲೆ. ದನದ್ದು. ನೀನು ಒತ್ತಲು ಹೋದಿ, ಅದು ತಲೆ ಕೊಡವಿತು, ಪ್ಯಾಡ್ ಹಾರಿ ಜಗಲಿಯಲ್ಲಿ ಇಟ್ಟಿದ್ದ ಸೊಸೈಟಿಯ ರಶೀದಿ ಪುಸ್ತಕದ ಮೇಲೆ ಬಿತ್ತು. ನಾನು ಕಿರುಚಿದೆ. ಕಿರುಚಿದ್ದಕ್ಕೆ ಅಷ್ಟು ಪಶ್ಚಾತ್ತಾಪ ಇಲ್ಲ. ಹೊಸ ಪುಸ್ತಕಕ್ಕೆ ಲೆಟರ್ ಬರೆದುಕೊಡುವವನು ನಾನೇ ತಾನೇ. ಆದರೆ “ದೊಡ್ಡಮ್ಮನ ಮಗಳನ್ನು ನೋಡಿ ಕಲಿ” ಅಂದೆನಲ್ಲ, ಅದು ಬೇಡವಿತ್ತು. ಆ ರಾತ್ರಿ ನೀನು ಅಜ್ಜಿಯನ್ನು ಕೇಳಿದ್ದು ನನಗೆ ಗೋಡೆಯ ಈಚೆ ಕೇಳಿಸಿತು. ‘ಬೈಯುವಾಗ ಪಪ್ಪನ ಮೋಕೆ ಎಲ್ಲಿಗೆ ಹೋಗುತ್ತದೆ?’ ಮೋಕೆ ಅಂದರೆ ಪ್ರೀತಿ.

ಅಜ್ಜಿ ತಡ ಮಾಡಲಿಲ್ಲ. “ಎಲ್ಲಿಗೂ ಹೋಗುವುದಿಲ್ಲ. ಬೆಕ್ಕಿನ ಹಾಗೆ. ಸದ್ದಿಗೆ ಹೆದರಿ ಮಂಚದ ಅಡಿಗೆ ಹೋಗಿದೆ. ಕರೆದರೆ ಬರುತ್ತದೆ” ಅಂದರು. ನೀನು ಸ್ವಲ್ಪ ಯೋಚಿಸಿ, “ಕರೆಯುವುದು ಯಾರು? ನಾನಾ, ಪಪ್ಪನಾ?” ಅಂದಿ. “ಯಾರು ದೊಡ್ಡವರೋ ಅವರು.” ಬೆಳಿಗ್ಗೆ ನಾನು ಬಂದು ಕ್ಷಮಿಸು ಅಂದದ್ದು ಅದಕ್ಕೆ. ನನ್ನಷ್ಟಕ್ಕೇ ಹೊಳೆದದ್ದಲ್ಲ.

ಮಾತು ‘ನನ್ನ ವಿಶೇಷ’ದ ಆ ಖಾಲಿ ಗೆರೆಗೆ ಬರಲಿ. ಏನು ಬರೆಯಲಿ ಅಂತ ನೀನು ಕೇಳಿದಾಗ ನಾನು ಸುಲಭದ ದಾರಿ ಹಿಡಿದೆ. ಹೆಬ್ಬೆಟ್ಟಿನ ಕಥೆ ಹೇಳಿದೆ. ಅಮ್ಮನ ಹೊಟ್ಟೆಯಲ್ಲಿ ಮೂರನೇ ತಿಂಗಳಿಗೆ ಈ ಗೆರೆಗಳು ಶುರುವಾಗುತ್ತವೆ. ಆರನೇ ತಿಂಗಳ ಹೊತ್ತಿಗೆ ಪೂರ್ತಿ ಮೂಡಿರುತ್ತವೆ. ಮಗು ಒಳಗೆ ಹೇಗೆ ತಿರುಗಿತು, ಬೆರಳಿಗೆ ಎಲ್ಲಿ ಎಷ್ಟು ಒತ್ತು ಬಿತ್ತು, ಅಷ್ಟಕ್ಕೇ ಗೆರೆ ಬೇರೆಯಾಗುತ್ತದೆ. ಅದಕ್ಕೇ ಅವಳಿ ಮಕ್ಕಳ ಹೆಬ್ಬೆಟ್ಟು ಕೂಡ ಒಂದೇ ಥರ ಇರುವುದಿಲ್ಲ. ‘ನಿನ್ನಂಥವಳು ಇನ್ನೊಬ್ಬಳಿಲ್ಲ ಅಂತ ಬರೆ’ ಅಂದೆ. ನೀನು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಿ. “ಅದು ಬೆರಳಿನ ವಿಶೇಷ ಪಪ್ಪಾ. ನಾನೆಂತ ಮಾಡಿದ್ದೇನೆ ಅದಕ್ಕೆ?”

ನನಗೆ ಉತ್ತರ ಬರಲಿಲ್ಲ. ‘ಚಿತ್ರ ಚಂದ ಬಿಡಿಸ್ತೀಯಲ್ಲ’ ಅಂದರೆ, ‘ನನಗಿಂತ ಚಂದ ಬಿಡಿಸುವವರು ಕ್ಲಾಸಿನಲ್ಲಿ ಮೂರು ಮಂದಿ ಇದ್ದಾರೆ’ ಅಂದಿ. ಲೆಕ್ಕದಲ್ಲೂ ಹಾಗೇ, ಓಟದಲ್ಲೂ ಹಾಗೇ. ಯಾರು ನಿನಗೆ ಹೀಗೆ ಎಣಿಸಲು ಕಲಿಸಿದರೋ. ಬಹುಶಃ ದೊಡ್ಡಮ್ಮನ ಮಗಳ ಮಾತೆತ್ತುವ ನಾನೇ. ಗೆರೆ ಖಾಲಿ ಬಿಟ್ಟು ಹಾಳೆ ಕೊಟ್ಟು ಬಂದಿ.

ಆಮೇಲೆ ಒಂದು ವಾರ ನಾನು ನಿನ್ನನ್ನು ಸುಮ್ನೆ ನೋಡಿದೆ. ಹೊಗಳಲು ಅಲ್ಲ, ತಿದ್ದಲೂ ಅಲ್ಲ. ಕಂಡದ್ದರಲ್ಲಿ ಎಲ್ಲವೂ ಒಳ್ಳೆಯದೇ ಏನಲ್ಲ. ಕೊಡೆ ಬಸ್ಸಿನಲ್ಲಿ ಬಿಟ್ಟು ಬಂದು ‘ಗಾಳಿಗೆ ಹೋಯ್ತು’ ಅಂದದ್ದೂ ಗೊತ್ತಾಯಿತು. ಆದರೆ ಬುಧವಾರ ಸಂಜೆಯದ್ದು ಬರೆದಿಡಬೇಕು.

ಪಕ್ಕದ ಮನೆಗೆ ಬಂದಿರುವ ಕೋಟ್ಟಯಂ ಕಡೆಯ ಅಮ್ಮಚ್ಚಿ ನಮ್ಮ ಜಗಲಿಗೆ ಬಂದಿದ್ದರು. ನಮ್ಮ ಅಜ್ಜಿ ಹುಟ್ಟಿದಾಗ ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ನಡುವೆ ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡು ಜಿಲ್ಲೆ. ಅಜ್ಜಿ ಪೆರ್ಲ ಬಿಟ್ಟು ಎಲ್ಲಿಗೂ ಹೋದವರಲ್ಲ, ಕಾಗದದಲ್ಲಿ ಊರೇ ಅತ್ತಿತ್ತ ಓಡಾಡಿತು. ಪೇಟೆಯ ಮಲಯಾಳ ಅವರಿಗೆ ಅಷ್ಟಿಷ್ಟು ತಿಳಿಯುತ್ತದೆ. ಅಮ್ಮಚ್ಚಿಯ ಓಟದ ಮಲಯಾಳ ತಿಳಿಯುವುದಿಲ್ಲ. ಜೊತೆಗೆ ಕಿವಿ ಮಂದ. “ಕುರಚ್ಚು ವೆಳ್ಳಂ” ಅಂದರೆ ಅಜ್ಜಿ ಬೆಲ್ಲ ತಂದರು! ನೀನು ಬಿದ್ದು ಬಿದ್ದು ನಕ್ಕು, “ಅಜ್ಜೀ, ಆರೆಗ್ ನೀರ್ ಬೋಡುಗೆ” ಅಂದಿ. ಅವರಿಗೆ ನೀರು ಬೇಕಂತೆ ಅಂತ. ಮನೆಗೆ ಬಂದವರಿಗೆ ಬೆಲ್ಲ ಮತ್ತು ನೀರು ಕೊಡುವುದು ನಮ್ಮ ಕ್ರಮವೇ ಆದ್ದರಿಂದ ಏನೂ ಕೆಡಲಿಲ್ಲ.

ನಾನು ಹೇಳಲು ಹೊರಟದ್ದು ಅದಲ್ಲ, ಆಮೇಲಿನದ್ದು. ಅಮ್ಮಚ್ಚಿ ಹಿಂದಿನ ದಿನ ಕೊಟ್ಟ ಮೀನಿನ ಸಾರು ಹೇಗಿತ್ತು ಅಂತ ಕೇಳಿದರು. ನೀನು ಅಜ್ಜಿಯನ್ನು ಕೇಳಿದಿ. ಅಜ್ಜಿ ಮುಖ ಹಿಂಡಿ, ‘ಎಂಥಾ ಹುಳಿ! ಹಲ್ಲು ಜುಂ ಅಂತು. ಮೀನು ಮಾತ್ರ ತಾಜಾ ಇತ್ತು’ ಅಂದರು. ನೀನು ಅಮ್ಮಚ್ಚಿಯ ಕಡೆ ತಿರುಗಿ ಮಲಯಾಳದಲ್ಲಿ ಹೇಳಿದ್ದು, ‘ಮೀನು ತುಂಬಾ ತಾಜಾ ಇತ್ತಂತೆ’. ಅಷ್ಟೇ. ಅಮ್ಮಚ್ಚಿ ನಿನ್ನ ಗಲ್ಲ ಹಿಡಿದು “ಮೋಳೇ” ಅಂದರು. ಮಗಳೇ ಅಂತ.

ನಾನು ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದೆ. ಅದು ಸುಳ್ಳಾ? ಅಲ್ಲ. ಪೂರ್ತಿ ನಿಜವಾ? ಅದೂ ಅಲ್ಲ. ಬೂತಾಯಿಯ ಮುಳ್ಳು ತೆಗೆದು ಅಜ್ಜಿ ನಿನ್ನ ಬಟ್ಟಲಿಗೆ ಹಾಕುತ್ತಾರಲ್ಲ, ಹಾಗೆ ನೀನು ಆ ಮಾತಿನ ಮುಳ್ಳು ತೆಗೆದು ಅಮ್ಮಚ್ಚಿಗೆ ಬಡಿಸಿದಿ. ಯಾರೂ ನಿನಗೆ ಹೇಳಿಕೊಟ್ಟಿಲ್ಲ. ನಿನಗೆ ಅದು ಕೆಲಸ ಅಂತಲೂ ಅನಿಸಲಿಲ್ಲ. ಲೋಟ ಒಳಗಿಟ್ಟು ಆಡಲು ಓಡಿದಿ. ಯಾವಾಗಲೂ ಮುಳ್ಳು ತೆಗೆಯಬೇಕಾ, ಕೆಲವೊಮ್ಮೆ ‘ಹುಳಿ ಜಾಸ್ತಿ ಆಯ್ತು’ ಅಂತ ಹೇಳಿಬಿಡುವುದೇ ಒಳ್ಳೆಯದಾ ಅಂತ ನನಗೂ ಗೊತ್ತಿಲ್ಲ. ಅದನ್ನು ನಾವಿಬ್ಬರೂ ಮಾತಾಡಿ ನೋಡೋಣ.

ಇದನ್ನು ಆ ಗೆರೆಯಲ್ಲಿ ಬರೆ ಅಂತ ನಾನು ಹೇಳುವುದಿಲ್ಲ. ನಾನು ಹೇಳಿಕೊಟ್ಟದ್ದನ್ನು ಬರೆದರೆ ಅದು ಮತ್ತೆ ನನ್ನ ಕೈಬರಹವೇ ಆಯಿತು. ಖಾಲಿ ಬಿಟ್ಟರೂ ನಡೆಯುತ್ತದೆ, ಟೀಚರ್ ಟಿಕ್ ಹಾಕಿದ್ದಾರಲ್ಲ.

ಇನ್ನೊಂದು ಮಾತು ನೆನಪಾಯಿತು. ಮಲಯಾಳದಲ್ಲಿ ಪ್ರೀತಿಗೆ ‘ಸ್ನೇಹಂ’ ಅಂತಾರೆ. ನಮಗೆ ಸ್ನೇಹ ಅಂದರೆ ಗೆಳೆತನ. ಅಮ್ಮಚ್ಚಿ ಮೊನ್ನೆ ಅಜ್ಜಿಯ ಕೈ ಹಿಡಿದು ಅದೇ ಶಬ್ದ ಹೇಳಿದರು. ನೀನು ಇರಲಿಲ್ಲ. ಅಜ್ಜಿ ಇವತ್ತಿಗೂ ಕೇಳುತ್ತಿದ್ದಾರೆ, ‘ಅವಳು ಹೇಳಿದ್ದು ಎಂತ?’ ಅಂತ. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ನಾಳೆ ಶಾಲೆ ಬಿಟ್ಟು ಬಂದ ಮೇಲೆ ನೀನೇ ಹೇಳು.

ಮತ್ತೆ, ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ಎಲ್ಲಿಟ್ಟಿದ್ದಿ? ಅದನ್ನು ನಾಳೆ ಸೊಸೈಟಿಗೆ ವಾಪಸ್ ಕೊಂಡುಹೋಗಬೇಕು. ದನದ ಮೂಗು ಇನ್ನೂ ನೀಲಿ ಉಂಟು.

ನಿನ್ನ
ಪಪ್ಪ