ನೀರುಗಂಟಿಗೆ ವಾರದ ರಜೆ ಕೊಡಿ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಆಗುತ್ತಿಲ್ಲ ಎಂಬ ದೂರು ಈ ಅಂಕಣದಲ್ಲಿ ಆಗಾಗ ಬರುತ್ತದೆ. ಬರಬೇಕಾದ್ದೇ. ಅಲ್ಲಿ ದುಡಿಯುವವರ ಪಾಡೂ ಒಮ್ಮೆ ಬರಲಿ ಎಂದು ಬರೆಯುತ್ತಿದ್ದೇನೆ. ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು.

ಮೊದಲು ಊರಿಗೆ ನೀರು ಬಿಡುವ ನೀರುಗಂಟಿಯ ವಿಷಯ. ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಅವನು ಎರಡಕ್ಕೇ ಎದ್ದು ಬೋರ್‌ವೆಲ್ ಹತ್ತಿರ ಹೋಗಬೇಕು. ಟ್ಯಾಂಕ್ ತುಂಬಿಸಬೇಕು, ಬೀದಿ ಬೀದಿಗೆ ವಾಲ್ವ್ ತಿರುಗಿಸಬೇಕು. ಕೊನೇ ಮನೆಗೆ ನೀರು ಏರದಿದ್ದರೆ ಬೈಸಿಕೊಳ್ಳಬೇಕು. ಬೇಸಿಗೆಯಲ್ಲಿ ಮೋಟಾರ್ ಸುಟ್ಟರಂತೂ, ಅದು ರಿಪೇರಿಯಾಗಿ ಬರುವವರೆಗೆ ಇಡೀ ಊರಿನ ಸಿಟ್ಟು ಅವನ ಮೇಲೆ. ಯುಗಾದಿ ದಿನ ಎಲ್ಲರ ಎಣ್ಣೆ ಸ್ನಾನಕ್ಕೆ ನೀರು ಬಿಟ್ಟು, ತಾನು ಮಧ್ಯಾಹ್ನ ಮನೆ ಸೇರುತ್ತಿದ್ದ ನೀರುಗಂಟಿಯನ್ನು ನೋಡಿದ್ದೇನೆ. ಮಗಳ ಮದುವೆಗೆ ಊರು ಬಿಡಬೇಕಾದಾಗ ಅವನು ವಾಲ್ವ್ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು ಹೋದ. ಬದಲಿ ಆಳು ಅಂತ ಯಾರೂ ಇರಲಿಲ್ಲ.

ಬಿಲ್ ಕಲೆಕ್ಟರ್ ಮನೆಗಂದಾಯ ಕೇಳಲು ಹೋದರೆ ‘ಮೊದಲು ಚರಂಡಿ ಮಾಡ್ಸಿ’ ಅನ್ನುತ್ತಾರೆ. ಆಸ್ತಿ ದಾಖಲೆ ಕೊಡುವ ಇ-ಸ್ವತ್ತು ಸರ್ವರ್ ನಿಂತರೆ, ನಮೂನೆ 9, 11ರ ದಾಖಲೆಗೆ ಬೆಳಿಗ್ಗೆಯಿಂದ ಕಾದವರು ರೇಗುವುದು ಕಂಪ್ಯೂಟರ್ ಮುಂದೆ ಕೂತ ಹುಡುಗಿಯ ಮೇಲೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಆದೇಶ, ಬೆಳಿಗ್ಗೆಯೊಳಗೆ ವರದಿ.

ಸಂಬಳ ತಡವಾಗುವುದು, ನೌಕರಿ ಕಾಯಂ ಆಗದಿರುವುದು ದೊಡ್ಡ ನೋವೇ. ಅದಕ್ಕಾಗಿ ನೌಕರರ ಸಂಘಗಳು ಹೋರಾಡುತ್ತಲೇ ಇವೆ. ನನ್ನನ್ನು ಇನ್ನೂ ಕಾಡುವುದು ಪ್ರಗತಿ ಪರಿಶೀಲನಾ ಸಭೆ. ವಸೂಲಿ ಎಷ್ಟು, ಬಾಕಿ ಎಷ್ಟು ಎಂದು ಕೇಳುತ್ತಾರೆ. ಎಷ್ಟು ಜನ ಕೆಲಸಕ್ಕಿದ್ದೀರಿ ಎಂದು ಕೇಳುವವರು ಅಪರೂಪ. ಒಬ್ಬ ಪಿಡಿಒಗೆ ಎರಡು ಪಂಚಾಯಿತಿ ವಹಿಸಿರುತ್ತಾರೆ. ಎರಡರ ಗುರಿಯನ್ನೂ ಮುಟ್ಟಿಲ್ಲವೆಂದು ಎಲ್ಲರೆದುರು ನಿಲ್ಲಿಸಿ ಬೈಯುವುದು ಯಾವ ನ್ಯಾಯ?

ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಒಬ್ಬರಿದ್ದರು. ಸಭೆ ಶುರುವಾದ ಕೂಡಲೇ ‘ನಿಮ್ಮ ತೊಂದರೆ ಮೊದಲು ಹೇಳಿ’ ಅನ್ನುತ್ತಿದ್ದರು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಮುಂದಿನ ತಿಂಗಳು ಏನಾಯಿತು ಅಂತ ಅವರೇ ತಿಳಿಸುತ್ತಿದ್ದರು. ಎಷ್ಟೋ ಸಲ ‘ಆಗಲಿಲ್ಲ’ ಎಂಬುದೇ ಅವರ ಉತ್ತರ. ಆದರೂ ಆಗ ನಾವು ಸಭೆಗೆ ಹೆದರಿಕೊಂಡು ಹೋಗುತ್ತಿರಲಿಲ್ಲ. ಕಂದಾಯ ವಸೂಲಿಯೂ ಜಾಸ್ತಿಯಾಯಿತು. ಬಿಲ್ ಕಲೆಕ್ಟರ್ ತಾನಾಗಿಯೇ ಸಂಜೆ ಇನ್ನೊಂದು ಸುತ್ತು ಹೋಗಿ ಬರುತ್ತಿದ್ದ. ಅವರು ವರ್ಗವಾದ ಮೇಲೆ ಆ ಪದ್ಧತಿಯೂ ನಿಂತುಹೋಯಿತು.

ಒಬ್ಬ ಅಧಿಕಾರಿಯ ಒಳ್ಳೇತನದ ಮೇಲೆ ಇದು ನಿಲ್ಲಬಾರದು. ತಿಂಗಳ ಸಭೆಯಲ್ಲಿ ಮೊದಲ ಅರ್ಧ ಗಂಟೆ ಸಿಬ್ಬಂದಿಯ ಮಾತಿಗೆ ಮೀಸಲು ಎಂದು ಇಲಾಖೆ ಸುತ್ತೋಲೆ ಹೊರಡಿಸಲಿ. ಅವರು ಹೇಳಿದ್ದಕ್ಕೆ ಲಿಖಿತ ಉತ್ತರ ಕೊಡಲಿ. ನೀರುಗಂಟಿಗೆ ವಾರಕ್ಕೊಂದು ರಜೆ, ಆ ದಿನಕ್ಕೆ ಒಬ್ಬ ಬದಲಿ ಆಳು ಬೇಕೇ ಬೇಕು. ಪಂಚಾಯಿತಿ ತಾನೇ ನೌಕರರನ್ನು ನೇಮಿಸಿಕೊಳ್ಳುವಂತಿಲ್ಲ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ (ಸಿಇಒ) ಒಪ್ಪಿಗೆ ಬೇಕು. ಹಾಗಾಗಿ ಈ ಬದಲಿ ಆಳಿನ ಪ್ರಸ್ತಾವಗಳಿಗೆ ಸಿಇಒಗಳು ಬೇಸಿಗೆ ಶುರುವಾಗುವ ಮೊದಲೇ ಒಪ್ಪಿಗೆ ಕೊಡಬೇಕು.

– ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿ, ತುಮಕೂರು ಜಿಲ್ಲೆ